ನಿಜಗುಣಪ್ಪ ಮಾಸ್ತರರ ರೈಲು ಮತ್ತು ಮಂಜಿನ ದಾರಿ

ಹುಮನಾಬಾದಿನಲ್ಲಿ ನಿಜಗುಣಪ್ಪ ಎಂಬ ಮಾಸ್ತರರಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತರಾದವರು. ಕೆಲಸ ಮುಗಿದರೂ ಅವರ ಕೈ ಸುಮ್ಮನಿರಲಿಲ್ಲ. ಎರಡು ವರ್ಷ ಕೂತು ಒಂದು ಪುಟ್ಟ ರೈಲು ಮಾಡಿದರು.

ಹಳೆಯ ಕಲ್ಲಿದ್ದಲಿನ ಇಂಜಿನ್ನಿನಂತೆ ಕಾಣುವ ಗೇಣುದ್ದದ ಇಂಜಿನ್ನು, ಹಿಂದೆ ಎಂಟು ಡಬ್ಬಿ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮೈ ಮಾಡಿದ್ದರು. ಸೈಕಲ್ಲಿನ ಕಡ್ಡಿಯಿಂದ ಗಾಲಿಯ ಅಚ್ಚು. ಹಳೆಯ ಟೇಪ್ ರೆಕಾರ್ಡರಿನ ಮೋಟಾರು. ಕಿಟಕಿಗಳನ್ನು ಉಗುರಿನಿಂದ ಎತ್ತಿ ಇಳಿಸಬಹುದಿತ್ತು. ಆರಡಿ ಉದ್ದದ ಹಲಗೆಯ ಮೇಲೆ ಹಳಿ, ಸೇತುವೆ, ಒಂದು ಸ್ಟೇಷನ್ನು. ಗುಂಡಿ ಒತ್ತಿದರೆ ರೈಲು ಸುತ್ತು ಹೊಡೆಯುತ್ತಿತ್ತು.

ಕಲಬುರಗಿಯಲ್ಲಿ ಮೂರು ವರ್ಷಕ್ಕೊಮ್ಮೆ ಮಾದರಿ ರೈಲುಗಳ ಪ್ರದರ್ಶನ ನಡೆಯುತ್ತಿತ್ತು. ಮೊದಲನೆಯದೆಂದು ಆರಿಸಿದ ರೈಲನ್ನು ಅಲ್ಲಿನ ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಶಾಶ್ವತವಾಗಿ ಇಡುತ್ತಿದ್ದರು. ಮಾಸ್ತರರಿಗೆ ಅರವತ್ತೆಂಟು ದಾಟಿತ್ತು. ತಾನು ಹೋದ ಮೇಲೂ ಮಕ್ಕಳು ಕಲ್ಲಿದ್ದಲಿನ ಇಂಜಿನ್ನು ಹೇಗಿತ್ತೆಂದು ನೋಡಲಿ ಎಂಬುದೊಂದೇ ಆಸೆ. ಬರೆದು ಕೇಳಿದರು. ಒಂದು ಮೇಜು ಸಿಕ್ಕಿತು.

ಪ್ರದರ್ಶನ ಬಂದದ್ದು ಪುಷ್ಯ ಮಾಸದಲ್ಲಿ. ಆ ವಾರ ಎಲ್ಲಿಲ್ಲದ ಚಳಿ. ದಿನಾ ಬೆಳಿಗ್ಗೆ ದಟ್ಟ ಮಂಜು ಬಿದ್ದು ಎದುರುಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ಹಲಗೆ ದೊಡ್ಡದಾದ್ದರಿಂದ ರೈಲನ್ನು ರೈಲಿನಲ್ಲಿ ಒಯ್ಯುವಂತಿರಲಿಲ್ಲ. ಓಣಿಯ ಮೌಲಾಲಿ ಓಡಿಸುವ ಸಣ್ಣ ಸರಕಿನ ಟೆಂಪೊವನ್ನೇ ಗೊತ್ತು ಮಾಡಿದ್ದರು.

ಹೋಗುವುದೋ ಬಿಡುವುದೋ? ಹಿಂದಿನ ದಿನ ಮಾಸ್ತರರು ಎಲ್ಲರನ್ನೂ ಕೇಳಿದರು. ಮೊದಲು ಪ್ರದರ್ಶನದವರಿಗೆ ಫೋನು ಮಾಡಿದರು.

"ಹತ್ತಕ್ಕೆ ತೀರ್ಪುಗಾರರು ಬರ್ತಾರೆ ಸರ್. ಆಮೇಲೆ ಬಂದ್ರೆ ನಿಮ್ಮ ರೈಲು ನೋಡೋದಕ್ಕೆ ಇಡಬಹುದು, ಸ್ಪರ್ಧೆಗೆ ಬರೋದಿಲ್ಲ" ಎಂದರು ಅವರು.

ಬೀದರಿನಿಂದ ತಮ್ಮ ರೈಲು ತರಲಿದ್ದ ಡಾಕ್ಟರ್ ವೈಜಿನಾಥರನ್ನು ಕೇಳಿದರು. "ನಾ ಅಂತೂ ಹೊಂಟೀನಿ ಮಾಸ್ತರ. ದೀಪ ಹಚ್ಕೊಂಡು ನಿಧಾನಕ್ಕ ಹೋದ್ರ ಏನಾಗ್ತದ?" ಎಂದರು ಡಾಕ್ಟರು.

ಹೆಂಡತಿ ನೀಲಮ್ಮನನ್ನು ಕೇಳಿದರು. "ನನ್ನ ಕೇಳಿದ್ರ ಬ್ಯಾಡ ಅಂತೀನಿ. ಖರೆ, ಎರಡು ವರ್ಷ ನೀವು ಅದರ ಮುಂದ ಕೂತಿದ್ದು ನೋಡೀನಿ. ಹೆಂಗ ಬ್ಯಾಡ ಅನ್ಲಿ?" ಎಂದಳು ಆಕೆ.

ಮಾಸ್ತರರು ಹೋಗುವುದೆಂದೇ ತೀರ್ಮಾನಿಸಿದರು. ಆರೂವರೆಗೆ ಹೊರಟರೆ ಎಷ್ಟು ನಿಧಾನವಾದರೂ ಒಂಬತ್ತಕ್ಕೆ ಮುಟ್ಟಬಹುದು.

ಬೆಳಿಗ್ಗೆ ಆರಕ್ಕೆ ಮೌಲಾಲಿ ಬಂದ. ಕಿವಿಗೆ ಮಫ್ಲರು ಸುತ್ತಿಕೊಂಡಿದ್ದ. ಮಂಜು ಅಂಗಳದೊಳಗೇ ಬಂದು ನಿಂತಿತ್ತು. ಅವನು ಹಲಗೆಯನ್ನು ಕೌದಿಯಲ್ಲಿ ಸುತ್ತಿ, ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿ ಹಗ್ಗ ಬಿಗಿದ. ನೀಲಮ್ಮ ಚಹಾ ತಂದುಕೊಟ್ಟಳು. ಅವನು ಮಂಜಿನ ಕಡೆಗೇ ನೋಡುತ್ತಿರುವುದನ್ನು ಕಂಡು ಕೇಳಿದಳು.

"ಮೌಲಾ, ನೀ ಏನಂತಿಪ್ಪಾ? ಹೋಗಬಹುದಾ ಈ ಮಂಜಿನ್ಯಾಗ?"

ಮೌಲಾಲಿ ಮಾಸ್ತರರ ಮುಖ ನೋಡಿದ. "ಮಾಸ್ತರರು ಹೆಂಗ ಅಂತಾರ ಹಂಗ, ಅಕ್ಕಾರ."

"ಅವರು ಅನ್ನೋದು ನನಗ ಗೊತ್ತದ. ನಿನ್ನ ಕೇಳ್ಲತ್ತೀನಿ."

ಅವನು ಬಟ್ಟಲನ್ನು ಕೆಳಗಿಟ್ಟ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ: "ಮೊನ್ನಿ ಸೋಮವಾರ ಕಮಲಾಪುರದ ತಿರುವಿನ್ಯಾಗ ಒಂದು ಲಾರಿ ಕೆಟ್ಟು ನಿಂತಿತ್ರಿ. ಮಂಜಿನ್ಯಾಗ ಕಾಣಲೇ ಇಲ್ಲ. ಬ್ರೇಕ್ ಹಾಕ್ದೆ, ಒಂದು ಮೊಳ ಉಳಿದಿತ್ತು. ಅವತ್ತಿನಿಂದ ಮಂಜಿನ್ಯಾಗ ಗಾಡಿ ಹೊಡಿಲಿಕ್ಕ ಅಂಜಿಕಿ ಬರ್ತದ."

"ಮತ್ತ ನಿನ್ನೆ ಯಾಕ ಹೇಳಲಿಲ್ಲ?" ಮಾಸ್ತರರು ಕೇಳಿದರು.

"ನೀವು ಎರಡು ವರ್ಷ ಕಷ್ಟಪಟ್ಟು ಮಾಡೀರಿ. ನನ್ನ ಅಂಜಿಕಿ ಅದಕ್ಕ ಅಡ್ಡ ಬರಬಾರದು ಅಂತ ಸುಮ್ನಿದ್ದೆ. ನೀವೂ ಕೇಳಲಿಲ್ಲ."

ಕೊನೆಯ ಮಾತು ಅವನು ದೂರಿನಂತೆ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆದರೂ ಅದು ಮಾಸ್ತರರಿಗೆ ನಾಟಿತು. ಊರೆಲ್ಲ ಕೇಳಿದ್ದೆ, ಗಾಡಿ ಹೊಡೆಯುವವನನ್ನೇ ಬಿಟ್ಟೆನಲ್ಲ ಎಂದು ಮನಸ್ಸಿನಲ್ಲೇ ನಾಚಿದರು.

ಮೌಲಾಲಿ ತಾನೇ ಒಂದು ದಾರಿ ಹೇಳಿದ. "ನನ್ನ ತಮ್ಮ ಖಾಜಾ ಅದಾನ್ರಿ. ಅವನಿಗಿ ಅಂಜಿಕಿ ಅನ್ನೋದು ಗೊತ್ತೇ ಇಲ್ಲ. ಕರೀಲೇನು? ಐದು ನಿಮಿಷದಾಗ ಬರ್ತಾನ."

ಮಾಸ್ತರರು ಗಡಿಯಾರ ನೋಡಿದರು. ಆರೂ ಇಪ್ಪತ್ತು. ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೂಂ ಅಂದರೆ ಇನ್ನೂ ವೇಳೆಗೆ ಸರಿಯಾಗಿ ಮುಟ್ಟಬಹುದು. ಗಾಜಿನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ತಿರುವಿನಲ್ಲಿ ನಿಂತ ಲಾರಿಯೂ ಬಂತು.

"ಅಂಜಿಕಿ ಇಲ್ಲದವನಿಗಿ ಮಂಜು ಕಡಿಮಿ ಬೀಳ್ತದೇನು ಮೌಲಾ?" ಎಂದರು ಮಾಸ್ತರರು. "ಬ್ಯಾಡ. ಬಿಸಲು ಬೀಳಲಿ. ರಸ್ತಾ ಕಾಣ್ತದ ಅಂತ ನೀ ಅಂದ ಮ್ಯಾಲೇ ಹೋಗೂಣು."

ಮೂವರೂ ಒಳಗೆ ಕೂತರು. ನೀಲಮ್ಮ ಜೋಳದ ರೊಟ್ಟಿ ಬಡಿದಳು. ಏಳಾಯಿತು, ಎಂಟಾಯಿತು. ಮಾಸ್ತರರು ಹತ್ತು ಸಲ ಬಾಗಿಲಿಗೆ ಹೋಗಿ ಬಂದರು. ಮೌಲಾಲಿಯನ್ನು ಮಾತ್ರ ಅವಸರಪಡಿಸಲಿಲ್ಲ. ಒಂಬತ್ತರ ಹೊತ್ತಿಗೆ ಮೌಲಾಲಿ ಹೊರಗೆ ಹೋಗಿ ರಸ್ತೆ ನೋಡಿ ಬಂದು, "ಈಗ ನಡೀರಿ" ಎಂದ. ಮಂಜು ಕರಗಿ ರಸ್ತೆ ಕಾಣುತ್ತಿತ್ತು.

ಕಲಬುರಗಿ ಮುಟ್ಟಿದಾಗ ಹನ್ನೊಂದು ದಾಟಿತ್ತು. ತೀರ್ಪುಗಾರರು ಸುತ್ತು ಮುಗಿಸಿ ಹೋಗಿದ್ದರು. ಮಾಸ್ತರರ ಮೇಜು ಬೇರೆಯವರ ಪಾಲಾಗಿತ್ತು. ಬಾಗಿಲ ಬಳಿ, ಚಪ್ಪಲಿ ಬಿಡುವಲ್ಲಿ ಒಂದಿಷ್ಟು ಜಾಗ ತೋರಿಸಿದರು. ಅಲ್ಲೇ ಹಲಗೆ ಇಟ್ಟು ಹಳಿ ಜೋಡಿಸಿದರು.

ಡಾಕ್ಟರ್ ವೈಜಿನಾಥರು ಒಂಬತ್ತಕ್ಕೇ ಬಂದು ಮುಟ್ಟಿದ್ದರು. ಮಾಸ್ತರರ ರೈಲು ಸೇತುವೆ ದಾಟುವುದನ್ನು ಎರಡು ಸಲ ನೋಡಿದರು. ಕಿಟಕಿಯೊಂದನ್ನು ಎತ್ತಿ ಇಳಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ರಸ್ತಾದಾಗ ಏನೂ ಆಗಲಿಲ್ಲ ಮಾಸ್ತರ. ನಾ ಆರಾಮ ಬಂದೆ. ನೀವೂ ಆಗಲೇ ಬಂದಿದ್ರ ಇವತ್ತು ಆ ಗಾಜಿನ ಪೆಟ್ಟಿಗಿ ನಿಮ್ಮದೇ ಆಗ್ತಿತ್ತು."

ಮಾಸ್ತರರು ಮುಂದಿನ ಪ್ರದರ್ಶನದ ಲೆಕ್ಕ ಹಾಕಿದರು. ಇನ್ನು ಮೂರು ವರ್ಷ. ಆಗ ತಾನು ಇರುವುದುಂಟೋ ಇಲ್ಲವೋ.

"ಇರಬಹುದು ಡಾಕ್ಟ್ರೆ" ಎಂದರು ಮೆಲ್ಲಗೆ. "ನಿನ್ನೆ ನಾ ನಿಮ್ಮನ್ನ ಕೇಳ್ದೆ, ಪ್ರದರ್ಶನದವರನ್ನ ಕೇಳ್ದೆ, ಮನ್ಯಾಗ ಕೇಳ್ದೆ. ಗಾಡಿ ಹೊಡಿಯಾವನ್ನ ಕೇಳಲಿಲ್ಲ. ಇವತ್ತು ಅವಾ ಅಂಜಿಕಿ ಆಗ್ತದ ಅಂದ ಮ್ಯಾಲೂ ಹೊಂಟು, ಸುಖವಾಗಿ ಬಂದು ಮುಟ್ಟಿದ್ರೂ ಅದು ತಪ್ಪೇ ಆಗ್ತಿತ್ತು."

ಡಾಕ್ಟರು ಬಗ್ಗಿ ರೈಲಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದರು.

ಮಧ್ಯಾಹ್ನವೆಲ್ಲ ಬಾಗಿಲಿಗೆ ಬಂದ ಮಕ್ಕಳು ಮೊದಲು ಆ ರೈಲಿನ ಮುಂದೆಯೇ ನಿಂತರು. ಒಳಗೆ ನಡೀರಪ್ಪಾ ಎಂದು ತಾಯಂದಿರು ಕೈ ಎಳೆಯಬೇಕಾಯಿತು. ಮಾಸ್ತರರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ನಾಲ್ಕರ ಸುಮಾರಿಗೆ ಮೌಲಾಲಿ ಬಂದು ಪಕ್ಕದಲ್ಲಿ ನಿಂತ. ಈ ಸಲ ಯಾರೂ ಕೇಳುವ ಮೊದಲೇ ಹೇಳಿದ.

"ಮಾಸ್ತರ, ಈಗ ಹೊಂಡಬೇಕ್ರಿ. ತಡ ಮಾಡಿದ್ರ ಕಮಲಾಪುರ ಮುಟ್ಟೂದ್ರಾಗ ಕತ್ತಲಾಗ್ತದ. ಕತ್ತಲದಾಗ ಆ ತಿರುವು ದಾಟೂದು ನನಗ ಆಗಲ್ಲ."

ನೋಡಲು ಇನ್ನೂ ಜನ ಬರುತ್ತಿದ್ದರು. ರೈಲು ಅರ್ಧ ಸುತ್ತಿನಲ್ಲಿತ್ತು. ಮಾಸ್ತರರು ಗುಂಡಿ ಒತ್ತಿ ಅದನ್ನು ಅಲ್ಲೇ ನಿಲ್ಲಿಸಿದರು.

"ಆಯ್ತಪ್ಪಾ" ಎಂದು ಕೌದಿ ಕೈಗೆತ್ತಿಕೊಂಡರು.

ನೀತಿ: ನಮ್ಮ ಆಸೆಗಾಗಿ ಇನ್ನೊಬ್ಬರು ಅಪಾಯಕ್ಕೆ ಮೈ ಒಡ್ಡಬೇಕಾದಾಗ, ಮೊದಲು ಕೇಳಬೇಕಾದದ್ದು ಅವರನ್ನೇ. ಬೇಡ ಎಂದು ಹೇಳಲು ಅವರಿಗೆ ಧೈರ್ಯ ಬರುವಂತೆ ನಾವು ನಡೆದುಕೊಳ್ಳಬೇಕು. ದಾರಿ ಸುಖವಾಗಿ ಕಳೆಯಿತೆಂದ ಮಾತ್ರಕ್ಕೆ ಅವರನ್ನು ಕೇಳದೆ ಹೊರಟದ್ದು ಸರಿಯಾಗುವುದಿಲ್ಲ.