ಓಗೊಡೇಶ್ವರನು ಶಿಖರವನ್ನು ಬಿಟ್ಟಿಳಿದದ್ದು

ಈ ಗಿರಿಯ ಬೆನ್ನಿನಂತಿರುವ ಏಣಿನ ಮೇಲೆ ಜೊತೆಗೂಡಿ ನಡೆಯುವವರಲ್ಲಿ ಹಿಂದುಳಿದವನು ‘ಓ’ ಎಂದು ಕೂಗಿದರೆ ಮುಂದಿನವರು ಓಗೊಡಬೇಕು. ಓಗೊಟ್ಟವನು, ಕೂಗಿದವನು ಬಂದು ಸೇರುವವರೆಗೆ, ಒಂದು ಹೆಜ್ಜೆಯನ್ನೂ ಮುಂದಿಡಕೂಡದು. ಶೃಂಗವಾಸಿಯಾದ ಪರಮೇಶ್ವರನೇ ಗೋಪಾಲಕರಿಗೆ ವಿಧಿಸಿದ ನಿಯಮವಿದು. ಇದಕ್ಕೆ ವಿನಾಯಿತಿಯಿಲ್ಲ. ಈ ಕಥೆಯಲ್ಲಿ ಮುಂದೆ ನಡೆದವರೆಲ್ಲರೂ ಇದನ್ನು ಮುರಿದವರೇ.

ಪೂರ್ವಕಾಲದಲ್ಲಿ ಗಿರಿಪಾದದ ಹಟ್ಟಿಯ ಗೋವುಗಳಿಗೆ ಕಾಲುಬಾಯಿ ಬೇನೆ ತಗುಲಿ, ಮೇವನ್ನೂ ನೀರನ್ನೂ ತೊರೆದ ಹಸುಗಳು ದಿನಕ್ಕೆರಡರಂತೆ ನೆಲಕ್ಕೊರಗುತ್ತಿರಲು, ಆಶ್ವಯುಜ ಪೂರ್ಣಿಮೆಯಂದು ಸೂರ್ಯಾಸ್ತಮಾನದೊಳಗೆ ಪಶ್ಚಿಮ ಶಿಖರವನ್ನು ಮುಟ್ಟಿ ತುಂಬೆಹೂವನ್ನು ಅರ್ಪಿಸಿದವರ ಬೇಡಿಕೆಯನ್ನು ಈಶ್ವರನು ಈಡೇರಿಸುವನೆಂಬ ದೃಢವಿಶ್ವಾಸದಿಂದ ಎರೆಯ, ಸೋವ, ಬೈಚ, ಮಾಚರೆಂಬ ನಾಲ್ವರು ಗೆಳೆಯರು ಅರುಣೋದಯದಲ್ಲಿಯೇ ಹೊರಟರು. ಶರತ್ಕಾಲದ ನಿರ್ಮಲಾಕಾಶದ ಕೆಳಗೆ, ಎರಡೂ ಕಡೆ ಕಣಿವೆಯಿರುವ ಬೆಟ್ಟದ ಆ ಕಿರಿದಾದ ಬೆನ್ನಿನ ಮೇಲೆ, ಮಧ್ಯಾಹ್ನದವರೆಗೂ ಒಬ್ಬರನ್ನೊಬ್ಬರು ಕೆಣಕುತ್ತ ನಡೆದರು. ಅನಂತರ ಮಾಚನ ಕಾಲು ಕಲ್ಲಿನ ಸಂದಿಗೆ ಸಿಕ್ಕಿ ಉಳುಕಿತು. ಅವನು ಹಿಂದುಳಿದನು, ಕಣಿವೆಯಿಂದೆದ್ದ ಮಂಜು ಅವನನ್ನು ಮರೆಮಾಡಿತು.

ಮೊದಲನೆಯ ‘ಓ’ ಕೇಳಿಸಿತು.

“ಗಾಳಿ ಕಣೋ, ನಡಿ,” ಎಂದನು ಎರೆಯ.

“ಗಾಳಿಗೆ ಮಾಚನ ಗಂಟಲು ಯಾವಾಗ ಬಂತು?” ಎಂದನು ಸೋವ. ಎಂದನೇ ಹೊರತು ನಿಲ್ಲಲಿಲ್ಲ.

ಬೈಚನು ಬಾಯಿಯನ್ನೇ ತೆರೆಯಲಿಲ್ಲ. ಅವನ ಕೊಟ್ಟಿಗೆಯಲ್ಲಿ ಉಳಿದಿದ್ದುದು ಒಂದೇ ಹಸು. ಅದೂ ಅಂದು ಬೆಳಿಗ್ಗೆ ಎದ್ದಿರಲಿಲ್ಲ. ಇದನ್ನು ಅವನ ಪರವಾಗಿ ಹೇಳುತ್ತಿಲ್ಲ. ಕೇಳಿಯೂ ಸುಮ್ಮನಿದ್ದವನು ಓಗೊಡದವನೇ.

ಎರಡನೆಯ ‘ಓ’ ಕ್ಷೀಣವಾಗಿತ್ತು. ಬೈಚನ ನಡಿಗೆ ನಿಧಾನವಾದುದನ್ನು ಕಂಡ ಎರೆಯನು, “ಓಗೊಟ್ಟರೆ ಇಲ್ಲೇ ಕೂರಬೇಕು, ಬೈಚಣ್ಣ. ಅಲ್ಲಿ ಹಟ್ಟಿಗೆ ಹಟ್ಟಿಯೇ ಬರಿದಾಗ್ತಿದೆ. ಇವನದು ಬರೀ ಕಾಲು,” ಎಂದನು. ಆಗಲೂ ಬೈಚನು ಓಗೊಡಲಿಲ್ಲ.

ಸೂರ್ಯನು ದಿಗಂತಕ್ಕೆ ಮೊಳದಷ್ಟು ದೂರದಲ್ಲಿದ್ದಾಗ ಮೂರನೆಯ ಕೂಗು ಹಿಂದಿನಿಂದ ಬಂದಿತು. ಅದೇ ಕ್ಷಣದಲ್ಲಿ ಶಿಖರದಿಂದ, ಮೇಘಗಂಭೀರ ಧ್ವನಿಯಲ್ಲಿ, “ಬೈಚಾ, ತಡಮಾಡದೆ ಬಾ” ಎಂಬ ದೈವವಾಣಿಯೂ ಕೇಳಿಬಂದಿತು.

ಎರೆಯನೂ ಸೋವನೂ ಓಡಿ, ಹೊತ್ತು ಮುಳುಗುವ ಮುನ್ನವೇ ಶಿಖರವನ್ನು ಮುಟ್ಟಿ ಹೂವನ್ನು ಅರ್ಪಿಸಿದರು. ಆದರೆ ಅಲ್ಲಿ ದೇವರಿರಲಿಲ್ಲ. ಭಗವಂತನು ಆ ವೇಳೆಗಾಗಲೇ ಶಿಖರವನ್ನು ತ್ಯಜಿಸಿ, ಏಣಿನ ನಡುವಿನ ಬಂಡೆಯಲ್ಲಿ ಪೂರ್ವಾಭಿಮುಖನಾಗಿ, ಅಂದರೆ ಹಿಂದುಳಿದವರು ಬರುವ ದಾರಿಯನ್ನೇ ನೋಡುತ್ತ, ನೆಲೆಗೊಂಡಿದ್ದನು. ಬಂಡೆಯ ಬುಡದಲ್ಲಿ ಚಿಮ್ಮಿ ಹಟ್ಟಿಯತ್ತ ಹರಿದಿಳಿದ ನೀರನ್ನು ಕುಡಿದು ಹಟ್ಟಿಯ ಗೋವುಗಳು ಮೇವಿಗೆ ಬಾಯಿಟ್ಟವು. ಆ ಒರತೆ ಇಂದಿಗೂ ಬತ್ತಿಲ್ಲ. ಆಶ್ವಯುಜ ಪೂರ್ಣಿಮೆಯಂದು ಕಟ್ಟಕಡೆಯ ಯಾತ್ರಿಕನು ಬಂದು ಸೇರುವವರೆಗೆ ಇಲ್ಲಿ ಮಂಗಳಾರತಿ ಆಗುವುದಿಲ್ಲ. ಅವಸರವಿರುವವರು ಆ ದಿನ ಬರಬಾರದು.

ಇವೆಲ್ಲ ಅನಂತರದ ಮಾತು. ಅಂದು ಬೈಚನಿಗೆ ಇದಾವುದೂ ತಿಳಿದಿರಲಿಲ್ಲ. ಎದುರಿಗೆ ದೇವರು ಕರೆಯುತ್ತಿದ್ದನು, ಹೊತ್ತು ಮುಳುಗುತ್ತಿತ್ತು. ಅವನು, “ಹಿಂದೆ ಒಬ್ಬ ಕರೀತಿದ್ದಾನೆ, ಸ್ವಾಮಿ. ನೀನು ತಡಿ,” ಎಂದು ತನ್ನ ಹೂವಿನ ಬುಟ್ಟಿಯನ್ನು ಅದೇ ಬಂಡೆಯ ಮೇಲಿಟ್ಟು, ಶಿಖರಕ್ಕೆ ಬೆನ್ನು ತಿರುಗಿಸಿ, ಬಾಯಿಗೆ ಎರಡೂ ಕೈಗಳನ್ನು ಹಿಡಿದು, ಮಂಜಿನೊಳಕ್ಕೆ ‘ಓ’ ಎಂದನು.