ಕಳ್ಳೂಟದ ದಿಬ್ಬ

ಬೆಣಚಿನಾಳದ ಪಡುವಣ ದಿಕ್ಕಿಗೆ, ಕರಿ ಎರೆಹೊಲಗಳ ನಡುವೆ, ಒಂಟಿಯಾಗಿ ಕುಳಿತಿರುವ ಕೆಮ್ಮಣ್ಣಿನ ದಿಬ್ಬಕ್ಕೆ ಕಳ್ಳೂಟದ ದಿಬ್ಬವೆಂದು ಹೆಸರು. ಅದರ ಮೇಲೆ ಗುಡಿಯಿಲ್ಲ, ಶಾಸನವಿಲ್ಲ, ಹತ್ತಿ ನೋಡಿದರೆ ಅಬ್ಬಾ ಎನ್ನುವಂಥ ನೋಟವೂ ಇಲ್ಲ. ಒಂದು ಬನ್ನಿಮರ, ಅದರ ನೆರಳಿಗೆ ನಾಲ್ಕಾರು ಆಡು, ಅಷ್ಟೇ. ಹಿಂದೆ ದರೋಡೆಕೋರರು ಇಲ್ಲಿ ಅಡಗುತ್ತಿದ್ದರೆಂದು ಪಕ್ಕದೂರಿನವರು ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು! ದರೋಡೆಕೋರರು ಬಂದಿದ್ದರೂ ನಮ್ಮೂರ ಸ್ಥಿತಿ ನೋಡಿ ಅವರೇ ಏನಾದರೂ ಕೊಟ್ಟು ಹೋಗುತ್ತಿದ್ದರು. ಇಲ್ಲಿ ಕಳುವಾದದ್ದು ಬರೀ ಊಟ.

ಹಿಂದೆ ಒಮ್ಮೆ ದಿಬ್ಬದ ಆಚೀಚೆಯ ಹೊಲಗಳೆರಡೂ ಒಂದೇ ಮನೆಯವಾಗಿದ್ದವು ಎನ್ನುತ್ತಾರೆ. ಅಣ್ಣ ಸಿದ್ರಾಮ, ಅವನ ಹೆಂಡತಿ ನಿಂಬೆವ್ವ. ತಮ್ಮ ಭೀಮಶಾ, ಅವನ ಹೆಂಡತಿ ಚಂದವ್ವ. ಎಳ್ಳಮಾವಾಸ್ಯೆ ಬಂತೆಂದರೆ ನಿಂಬೆವ್ವ ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಪುಂಡಿಪಲ್ಯ ಎಲ್ಲ ಕೂಡಿಸಿ, ಹುಣಸೆಹುಳಿ ಹಿಂಡಿ ಭಜ್ಜಿ ಕುದಿಸುವಳು. ಚಂದವ್ವ ಸಜ್ಜೆಯ ಕಡುಬು ಮಾಡುವಳು. ನಿಂಬೆವ್ವ ಮಾಡಿದ ಕಡುಬನ್ನು ನಾಯಿಗೆ ಎಸೆದರೆ ನಾಯಿಗೆ ಪೆಟ್ಟಾಗುತ್ತಿತ್ತು. ಚಂದವ್ವನ ಭಜ್ಜಿಯಲ್ಲಿ ಕಾಳು ಹುಡುಕಲು ಬೆಳಕು ಬೇಕಾಗುತ್ತಿತ್ತು. ಹೀಗೆ ಎರಡು ಕೈ ಸೇರಿ ಒಂದು ಹಬ್ಬವಾಗುತ್ತಿತ್ತು. ಮುಂದೆ ಮನೆ ಪಾಲಾಯಿತು, ದಿಬ್ಬದ ಈಚೆಯ ಹೊಲ ಅಣ್ಣನಿಗೆ, ಆಚೆಯದು ತಮ್ಮನಿಗೆ ಹೋಯಿತು, ಹಿತ್ತಲಿನ ನಡುವೆ ಗೋಡೆ ಎದ್ದಿತು. ನಿಂಬೆವ್ವ ಕೈಯಾರೆ ನೀರುಣಿಸಿ ಬೆಳೆಸಿದ ಅವರೆಬಳ್ಳಿ, ಬೇರನ್ನು ಈಚೆ ಇಟ್ಟುಕೊಂಡು, ಗೋಡೆ ಹತ್ತಿ, ಕಾಯನ್ನೆಲ್ಲ ಆಚೆ ಬಿಟ್ಟಿತು. ಚಂದವ್ವ ಕಿತ್ತಳು. "ನೀರು ಹಾಕಿದಾಕಿ ನಾನು" ಎಂದು ಇವಳು, "ನನ್ನ ಅಂಗಳಕ್ಕ ಬಂದದ್ದು ನಂದು" ಎಂದು ಅವಳು. ಅಂದಿನಿಂದ ನೆಗೆಣ್ಣಿಯರ ನಡುವೆ ಮಾತು ನಿಂತಿತು.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಗಂಡಸರು ಹೊಲದ ಸುತ್ತ ಚರಗ ಚೆಲ್ಲಿ ಬರುತ್ತಾರೆ, ಎಂದರೆ ಅಡುಗೆಯನ್ನು ಭೂಮಿತಾಯಿಗೆ ಉಣಿಸುತ್ತಾರೆ. ಆಮೇಲೆ ಮನೆಯವರ ಊಟ. ಆ ದಿನ ಉಣ್ಣುವವರ ಎದುರಿಗೆ ಯಾರೇ ಬಂದರೂ ಕರೆಯಲೇಬೇಕು, ಕರೆದರೆ ಹಗೆಯಾದರೂ ಕೂತು ಉಣ್ಣಲೇಬೇಕು. ಈ ಕಟ್ಟಳೆಗೆ ಹೆದರಿಯೇ ನಿಂಬೆವ್ವ ಹಬ್ಬದ ದಿನ ದಿಬ್ಬದ ಕಡೆ ತಲೆಯೆತ್ತಿ ಕೂಡ ನೋಡುತ್ತಿರಲಿಲ್ಲ.

ಆದರೆ ಪಾಲಾದ ಮೇಲೆ ಸಿದ್ರಾಮನ ಭಕ್ತಿ ಯಾಕೋ ಹೆಚ್ಚಿತು. "ಭೂಮಿತಾಯಿ ಬಸುರಿ, ಎಷ್ಟು ಕೊಟ್ರೂ ಸಾಲದು" ಎಂದು ಭಜ್ಜಿಯ ಗಡಿಗೆಯನ್ನೇ ಹೊತ್ತುಕೊಂಡು ಹೋಗುವನು, ಬಿಸಿಲು ತಿರುಗಿದ ಮೇಲೆ ಬರುವನು. ತಾಟಿನ ಮುಂದೆ ಕೂತು, ತಳದಲ್ಲಿ ಉಳಿದ ಭಜ್ಜಿಯಲ್ಲಿ ಬೆರಳಾಡಿಸಿ, "ಹಸಿವಿಲ್ಲ" ಎಂದು ಕೈ ತೊಳೆಯುವನು. ವರ್ಷ ವರ್ಷವೂ ಇದೇ ಆಟ. ನಿಂಬೆವ್ವನಿಗೆ ಒಳಗೊಳಗೇ ಕೊರಗು ಹತ್ತಿತು. ನನ್ನ ಕೈರುಚಿ ಹೋಯಿತೇ? ಇವನಿಗೆ ಸೇರುತ್ತಿಲ್ಲ, ಹೇಳಲು ಬಾಯಿಲ್ಲದೆ ಹೊಲಕ್ಕೆ ಚೆಲ್ಲುತ್ತಿದ್ದಾನೆಯೇ? ಒಂದು ವರ್ಷವಂತೂ ಅವಳು ಬೆಳಗಿನಿಂದ ತಾನೇ ಆರಿಸಿದ ಎಳೆಸೊಪ್ಪು, ತಾನೇ ಬಿಡಿಸಿದ ಕಾಳು ಹಾಕಿ, ಇದೂ ಸೇರದಿದ್ದರೆ ಇನ್ನು ಭಜ್ಜಿಯ ಗಡಿಗೆ ಮುಟ್ಟುವುದೇ ಇಲ್ಲವೆಂದು ಕಣ್ಣೀರು ಒರೆಸಿಕೊಂಡೇ ಕುದಿಸಿದಳಂತೆ. ಗಂಡ ಗಡಿಗೆ ಹೊತ್ತು ಹೊರಟಾಗ ತಡೆಯಲಾಗಲಿಲ್ಲ. ಚೆಲ್ಲುವುದನ್ನು ಕಣ್ಣಾರೆ ನೋಡಿಯೇಬಿಡೋಣವೆಂದು ತೊಗರಿ ಸಾಲಿನಲ್ಲಿ ಬಗ್ಗಿಕೊಂಡು ಹಿಂದೆ ಹೋದಳು.

ದಿಬ್ಬದ ಹಿಂದೆ ಅಣ್ಣತಮ್ಮಂದಿರಿಬ್ಬರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಡುವೆ ಅವಳ ಭಜ್ಜಿಯ ಗಡಿಗೆ, ಮುತ್ತಲದೆಲೆಯ ಮೇಲೆ ಚಂದವ್ವನ ಕಡುಬು. ಸಿದ್ರಾಮ ಗಡಿಗೆಯೊಳಗೆ ಮೊಣಕೈತನಕ ಕೈ ಇಳಿಬಿಟ್ಟು ತಳ ಬಳಿಯುತ್ತಿದ್ದ. ನಿಂಬೆವ್ವನಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಸಂತೋಷ ಅದಕ್ಕಿಂತ ಮುಂಚೆ ಬಂದುಬಿಟ್ಟಿತ್ತು. "ಅಯ್ಯ ಶಿವನ, ಉಣ್ಣಾಕತ್ತಾರಲ್ಲ ಇವ್ರು!" ಎಂದು ಬಾಯಿ ಬಿಟ್ಟಳು. ಭೀಮಶಾನಿಗೆ ಜೀವ ಬಾಯಿಗೆ ಬಂತು. ಆದರೂ ಕಟ್ಟಳೆ ಕಟ್ಟಳೆಯೇ. "ವೈನಿ, ಬರ್ರಿ, ಉಣ್ಣಾಕ ಕೂಡ್ರಿ" ಎಂದುಬಿಟ್ಟ. ಅಷ್ಟರಲ್ಲಿ, ಇದೇ ಅನುಮಾನ ಹೊತ್ತು, ಆ ಕಡೆಯ ಜೋಳದ ಸಾಲಿನಿಂದ ಚಂದವ್ವ ಹೊರಬಿದ್ದಳು. ಅವಳ ಕಡುಬೂ ಹೀಗೆಯೇ ಪ್ರತಿ ವರ್ಷ ಮಾಯವಾಗುತ್ತಿತ್ತಲ್ಲ! ಸಿದ್ರಾಮ ಬಾಯಿ ತುಂಬ ಕಡುಬಿಟ್ಟುಕೊಂಡೇ "ಬಾರವ್ವ ತಂಗಿ" ಎಂದ. ಇಬ್ಬರೂ ಹೆಂಗಸರು ಕೂರದೆ ವಿಧಿಯಿರಲಿಲ್ಲ.

ಚಂದವ್ವ ಕಡುಬು ಮುರಿದು ಭಜ್ಜಿಗೆ ಅದ್ದಿದಳು, ತಿಂದಳು, ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ಹುಳಿ ಒಂದೀಟು ಜಾಸ್ತಿ ಆಗ್ಯಾದ."

ಚಂದವ್ವ ಎಲೆಯನ್ನು ಮುಂದಕ್ಕೆ ತಳ್ಳಿ, "ಇನ್ನೀಟು ಹಾಕು" ಎಂದಳು. ನಿಂಬೆವ್ವನ ಕಣ್ಣಿಂದ ನೀರು ದಳದಳ ಇಳಿಯಿತು. "ನೀ ಹೋದ ಮ್ಯಾಲ ನನಗ ಹಿಂಗ ಹೇಳಾವ್ರು ಯಾರದಾರ ಚಂದವ್ವ? ಈ ಮನುಷ್ಯಾ ಬಾಯೇ ಬಿಡಂಗಿಲ್ಲ" ಎಂದು ಗಡಿಗೆಯಲ್ಲಿ ಉಳಿದದ್ದನ್ನೆಲ್ಲ ಅವಳ ಎಲೆಗೆ ಸುರಿದಳು. ಸಿದ್ರಾಮನಿಗೆ ಆ ಹೊತ್ತು ಮತ್ತೇನೂ ಸಿಗಲಿಲ್ಲ ಎನ್ನುತ್ತಾರೆ.

ಈಗಲೂ ಎಳ್ಳಮಾವಾಸ್ಯೆಯಂದು ಆ ಎರಡು ಮನೆತನದವರು ದಿಬ್ಬದ ಹಿಂದೆಯೇ ಒಟ್ಟಿಗೆ ಉಣ್ಣುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ನೋಡಲು ಹೋದವರನ್ನು ಕರೆದು ಕೂರಿಸುತ್ತಾರೆ. ತಿಂದು "ಭಾಳ ಚಂದ ಆಗ್ಯಾದ" ಎಂದ ಪಟ್ಟಣದವರಿಗೆ ಆ ಹೆಂಗಸರು ನಕ್ಕು, ಕೈ ತೊಳೆಯಲು ನೀರು ಕೊಡುತ್ತಾರೆ. ಹುಬ್ಬು ಗಂಟಿಕ್ಕಿ "ಹುಳಿ ಜಾಸ್ತಿ" ಎಂದವರನ್ನು ಮಾತ್ರ ಭುಜ ಹಿಡಿದು ಮತ್ತೆ ಕೂರಿಸಿ, ನಮ್ಮ ಮನೆಯವರೇ ಇವರು ಎಂದು ಎಲೆಯ ತುಂಬ ಬಡಿಸುತ್ತಾರೆ.