ಬಾವಿಯ ಬಾಯಿಗಿದ್ದ ಕಲ್ಲು

ಶೆಮಾಯ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ರಬ್ಬಿ, ನಮ್ಮ ಪ್ರಾರ್ಥನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. 'ದೇವರೇ, ನಮ್ಮ ಮೂಲಪುರುಷ ಅಬ್ರಹಾಮನಿಗೆ ಕೊಟ್ಟ ಮಾತನ್ನು ನೆನಪು ಮಾಡಿಕೋ' ಅನ್ನುತ್ತೇವೆ. ದೇವರಿಗೆ ಮರೆವು ಇದೆಯೇ? ಇಲ್ಲವಾದರೆ ನೆನಪಿಸುವ ಕೆಲಸ ನಮಗೇಕೆ?"

ಗುರುಗಳು ಹೇಳಿದರು:

ಗುಡ್ಡಗಾಡಿನ ಸೀಮೆಯಲ್ಲಿ ಒಬ್ಬ ರೈತನಿದ್ದ. ಪಕ್ಕದಲ್ಲೇ ಒಬ್ಬ ಕುರಿಗಾಹಿ ಇದ್ದ. ಇಬ್ಬರ ತಂದೆಯರು ಹಿಂದೆ ಒಂದು ಒಡಂಬಡಿಕೆ ಮಾಡಿಕೊಂಡಿದ್ದರು. ರೈತನ ಬಾವಿಯ ಹತ್ತಿರ ಕಲ್ಲುಗಳನ್ನು ಗುಡ್ಡೆ ಹಾಕಿ, ಆ ಗುಡ್ಡೆಯ ಪಕ್ಕ ಕೂತು ಒಟ್ಟಿಗೆ ರೊಟ್ಟಿ ತಿಂದು, ದೇವರನ್ನು ಸಾಕ್ಷಿಗೆ ಕರೆದಿದ್ದರು. ರೈತನ ಬಾವಿಯಲ್ಲಿ ಕುರಿಗಾಹಿಯ ಮಂದೆಗೆ ನೀರುಂಟು. ಕೊಯ್ಲು ಮುಗಿಯುವತನಕ ಮಂದೆ ರೈತನ ಜವೆಗೋಧಿಗೆ ಬಾಯಿ ಹಾಕಬಾರದು. ಬಾವಿಯ ಬಾಯಿಗೆ ದೊಡ್ಡ ಕಲ್ಲು ಮುಚ್ಚಿರಬೇಕು. ಎರಡೂ ಮನೆಯವರು ಕೈಹಾಕಿದ ಹೊರತು ಅದನ್ನು ಉರುಳಿಸಬಾರದು. ತಂದೆಯರಿಬ್ಬರೂ ಸಜ್ಜನರು. ಆದ್ದರಿಂದ ಯಾವುದನ್ನೂ ಬರೀ ನಂಬಿಕೆಗೆ ಬಿಟ್ಟಿರಲಿಲ್ಲ.

ತಂದೆಯರು ತೀರಿಕೊಂಡರು. ಒಂದು ದಿನ ಕುರಿಗಾಹಿ ಮಂದೆಯನ್ನು ಹೊಲದ ಅಂಚಿನಲ್ಲಿ ಹೊಡೆದುಕೊಂಡು ಹೋಗುತ್ತಿದ್ದ. ಕುರಿಗಳು ಜವೆಗೋಧಿಯೊಳಕ್ಕೆ ನುಗ್ಗಿದವು. ಅವನು ಅದನ್ನು ಕಂಡ. ಕಂಡು, ಮೋಡ ನೋಡುವವನಂತೆ ಆಕಾಶದ ಕಡೆ ತಿರುಗಿ ನಿಂತ. ಕುರಿಗಳ ಹೊಟ್ಟೆ ತುಂಬಿದ ಹೊತ್ತಿಗೆ ಅವನು ಆಕಾಶ ನೋಡುವುದೂ ಮುಗಿಯಿತು.

ಆಮೇಲೆ ಅವನು ಬಾವಿಯ ಕಡೆ ಸುಳಿಯಲಿಲ್ಲ. ದೂರದ ಹಳ್ಳದಲ್ಲಿ ಮಂದೆಗೆ ನೀರು ಕುಡಿಸಿದ. ಬಿಸಿಲು ಬಲಿತು ಹಳ್ಳ ಬತ್ತಿತು. ಗಬ್ಬದ ಕುರಿಗಳು ನಡೆಯಲಾರದೆ ಮಲಗತೊಡಗಿದವು. ಇನ್ನೊಂದು ದಿನ ಕಳೆದರೆ ಮಂದೆ ಉಳಿಯುವುದಿಲ್ಲ ಎಂದಾದಾಗ ಅವನು ಬಾವಿಗೆ ಬಂದ.

ಬಾವಿಯ ಮೇಲೆ ಕಲ್ಲು ಮುಚ್ಚಿತ್ತು. ಪಕ್ಕದಲ್ಲಿ ರೈತ ಕೂತಿದ್ದ. ಕುರಿಗಾಹಿ ಕಲ್ಲುಗುಡ್ಡೆಯ ಮುಂದೆ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಗಟ್ಟಿಯಾಗಿ ಒಪ್ಪಿಸಿದ: "ನಿನ್ನ ತಂದೆ ನನ್ನ ತಂದೆಗೆ ಮಾತು ಕೊಟ್ಟಿದ್ದಾನೆ. ಈ ಗುಡ್ಡೆ ಇರುವತನಕ ನನ್ನ ಮಂದೆಗೆ ಇಲ್ಲಿ ನೀರುಂಟು. ದೇವರೇ ಸಾಕ್ಷಿ."

"ಚೆನ್ನಾಗಿ ಹೇಳಿದೆ ಕಣಯ್ಯಾ," ಅಂದ ರೈತ. "ಥೇಟ್ ನಿಮ್ಮಪ್ಪನದೇ ಗಂಟಲು. ಮುಂದಿನದು?"

"ಮುಂದಿನದೇನು? ಅಷ್ಟೇ."

"ಅಷ್ಟಕ್ಕೇ ಬಾಯಿ ಮುಚ್ಚುವ ಆಸಾಮಿಯಲ್ಲ ನಮ್ಮಪ್ಪ."

ಕುರಿಗಾಹಿ ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಇನ್ನೂ ಗಟ್ಟಿಯಾಗಿ. ನೀರಿನ ಮಾತಾದ ಮೇಲೆ ಜವೆಗೋಧಿಯ ಮಾತು ಬರಬೇಕಿತ್ತು. ಅಲ್ಲಿಗೆ ಬಂದು ತಡವರಿಸಿದ. ಬೆನ್ನ ಹಿಂದೆ ಒಂದು ಕುರಿ ಕುಸಿದು ಬಿತ್ತು. ಅವನ ದನಿ ಇಳಿಯಿತು.

"ಹೊಲಕ್ಕೆ ನುಗ್ಗಿದ್ದು ಕುರಿ. ನೋಡಿಯೂ ತಡೆಯದೆ ನಿಂತವನು ನಾನು. ಮೇಯ್ದದ್ದಕ್ಕೆ ಸಮನಾಗಿ ಮಂದೆಯಿಂದ ನೀನೇ ಆರಿಸಿಕೋ. ನೀರು ಮಾತ್ರ ಇಲ್ಲ ಅನ್ನಬೇಡ ಅಣ್ಣಾ."

"ಇಲ್ಲ ಅಂದವರು ಯಾರು?" ಎಂದು ರೈತ ಎದ್ದ. "ಮೇಯ್ದದ್ದು ಅವತ್ತೇ ಗೊತ್ತಾಯಿತು. ಹೊಲದ ತುಂಬ ಜವೆಗೋಧಿಯ ಬದಲು ಹಿಕ್ಕೆ ಇತ್ತು. ಆದರೆ ನೀನು ಬರದೆ ಈ ಕಲ್ಲನ್ನು ಮುಟ್ಟುವ ಹಾಗಿಲ್ಲವಲ್ಲ. ಅವತ್ತಿನಿಂದ ನನ್ನ ಎತ್ತುಗಳಿಗೆ ಊರಿನಿಂದ ನೀರು ಹೊತ್ತು ನನ್ನ ಹೆಗಲು ಬಿದ್ದುಹೋಗಿದೆ. ಬಾ, ಆ ಕಡೆ ಹಿಡಿ."

ಕಲ್ಲು ಉರುಳಿತು. ಕುರಿಗಳು ಕುಡಿದವು. ಎತ್ತುಗಳೂ ಕುಡಿದವು.

ಗುರುಗಳು ಕತೆ ನಿಲ್ಲಿಸಿದರು. ಶೆಮಾಯ ತಲೆಯಾಡಿಸಿದ.

"ತಿಳಿಯಿತು ರಬ್ಬಿ. ರೈತನಿಗೆ ಮರೆವಿರಲಿಲ್ಲ. ಆ ಕುರಿಗಾಹಿ ಮಾತ್ರ ಎಂಥ ಮೂಢ! ತನಗೆ ಬೇಕಾದ ಅರ್ಧವನ್ನಷ್ಟೇ ಬಾಯಿಪಾಠ ಮಾಡಿಕೊಂಡು ಬಂದನಲ್ಲ."

ಗುರುಗಳು ಹೇಳಿದರು: "ನಿನ್ನ ಬೆಳಗಿನ ಪ್ರಾರ್ಥನೆ ನನ್ನ ಕೋಣೆಗೆ ಕೇಳಿಸುತ್ತದೆ, ಶೆಮಾಯ. ನೀನೂ ದಿನಾ ನೀರಿನ ಮಾತಿಗೇ ಮುಗಿಸುತ್ತೀಯ."